ಹವಾಮಾನ ನಕ್ಷೆಯ ನೀಲಿ–ಕೆಂಪು ಗೆರೆ ಓದುವುದು ಹೇಗೆ?

ಹವಾಮಾನ ನಕ್ಷೆಯಲ್ಲಿ ತ್ರಿಕೋನಗಳಿರುವ ನೀಲಿ ಗೆರೆ, ಅರ್ಧವೃತ್ತಗಳಿರುವ ಕೆಂಪು ಗೆರೆ ನೋಡಿರುತ್ತೀರಿ. ಇವು ಫ್ರಂಟ್‌ಗಳು. ಬೇರೆ ಬೇರೆ ಗುಣದ ಎರಡು ಗಾಳಿಗಳು ಎದುರಾಗುವ ಗಡಿ. ಇವನ್ನು ಓದಲು ಬಂದರೆ ಮುಂದಿನ ಒಂದೆರಡು ದಿನದ ಮಳೆ, ಗಾಳಿ, ಚಳಿಯ ಅಂದಾಜು ನೀವೇ ಮಾಡಬಹುದು. ಆದರೆ ಗೆರೆಯಿಂದಲೇ ಶುರು ಮಾಡಬೇಡಿ.

ಮೊದಲು ಗಾಳಿ ಎಲ್ಲಿಂದ ಬಂತು ನೋಡಿ

ಗಾಳಿ ಒಂದೇ ಬಗೆಯ ನೆಲದ ಮೇಲೋ ಸಮುದ್ರದ ಮೇಲೋ ಹಲವು ದಿನ ನಿಂತರೆ ಆ ಜಾಗದ ಗುಣ ಅದಕ್ಕೆ ಬರುತ್ತದೆ. ಹೀಗೆ ಸಾವಿರಾರು ಕಿಲೋಮೀಟರ್ ಹರಡಿದ, ಹೆಚ್ಚುಕಡಿಮೆ ಒಂದೇ ಬಿಸಿ, ಒಂದೇ ತೇವ ಇರುವ ಗಾಳಿಯೇ ವಾಯುರಾಶಿ. ಚಳಿಗಾಲದ ಸೈಬೀರಿಯಾ, ಉತ್ತರ ಕೆನಡಾಗಳಲ್ಲಿ ಹುಟ್ಟಿದ್ದು ತಣ್ಣಗೆ, ಒಣಗಿರುತ್ತದೆ. ಮೆಕ್ಸಿಕೋ ಕೊಲ್ಲಿಯಂಥ ಬೆಚ್ಚನೆಯ ನೀರಿನ ಮೇಲಿನದು ಬಿಸಿ, ಜೊತೆಗೆ ತೇವ. ಸಹಾರಾದ್ದು ಬಿಸಿ, ಆದರೆ ಒಣ.

ನಿಮ್ಮ ತಲೆಯ ಮೇಲೆ ಯಾವುದಿದೆ ಅಂತ ತಿಳಿಯಲು ಎಲ್ಲರೂ ತಾಪಮಾನ ನೋಡುತ್ತಾರೆ. ನಾನಂತೂ ಮೊದಲು ನೋಡುವುದು ಇಬ್ಬನಿ ಬಿಂದು. ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರ ಆವಿ ಹನಿಯಾಗತೊಡಗುತ್ತದೋ ಆ ಅಂಕಿ. ಬಿಸಿಲು ಬಂದರೆ, ಮೋಡ ಕವಿದರೆ ತಾಪಮಾನ ಗಂಟೆಗೊಮ್ಮೆ ಬದಲಾಗುತ್ತದೆ. ಇಬ್ಬನಿ ಬಿಂದು ಅಷ್ಟು ಬೇಗ ಅಲುಗುವುದಿಲ್ಲ. ಮಧ್ಯಾಹ್ನ 20 ಡಿಗ್ರಿ ಇದ್ದದ್ದು ಸಂಜೆಗೆ 8ಕ್ಕೆ ಇಳಿಯಿತು ಅಂದರೆ ಗಾಳಿಯೇ ಬದಲಾಗಿದೆ ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು.

ಗಡಿಯಲ್ಲಿ ಏನಾಗುತ್ತದೆ?

ಎರಡು ವಾಯುರಾಶಿಗಳು ಎದುರಾದರೆ ಸುಲಭವಾಗಿ ಬೆರೆಯುವುದಿಲ್ಲ. ಸಮುದ್ರಮಟ್ಟದಲ್ಲಿ 0 ಡಿಗ್ರಿಯ ಒಣ ಗಾಳಿ ಒಂದು ಘನ ಮೀಟರಿಗೆ ಸುಮಾರು 1.29 ಕೆಜಿ ತೂಗುತ್ತದೆ. 30 ಡಿಗ್ರಿಯದು ಸುಮಾರು 1.16 ಕೆಜಿ. ವ್ಯತ್ಯಾಸ ಸಣ್ಣದು ಅನ್ನಿಸಬಹುದು, ಆದರೆ ಅಷ್ಟೇ ಸಾಕು. ಭಾರದ ತಣ್ಣನೆಯ ಗಾಳಿ ನೆಲಕ್ಕಂಟಿ ಬೆಣೆಯಂತೆ ಕೆಳಗೆ ನುಗ್ಗುತ್ತದೆ, ಹಗುರಾದ ಬಿಸಿ ಗಾಳಿ ಅದರ ಮೇಲೆ ಏರಲೇಬೇಕು.

ಮಳೆಯ ಗುಟ್ಟೆಲ್ಲ ಈ ಏರುವಿಕೆಯಲ್ಲಿದೆ. ಮೇಲೆ ಹೋದಂತೆ ಒತ್ತಡ ಕಡಿಮೆ, ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ. 30 ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ಆವಿ ಇಟ್ಟುಕೊಳ್ಳಬಲ್ಲದು. 10 ಡಿಗ್ರಿಯಲ್ಲಿ 9 ಗ್ರಾಮಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಉಳಿದ ಆವಿ ಹನಿಯಾಗಿ ಮೋಡವಾಗುತ್ತದೆ. ಆವಿ ಹನಿಯಾಗುವಾಗ ಶಾಖ ಬಿಡುತ್ತದೆ, ಹಾಗಾಗಿ ಅಲ್ಲಿಂದ ಮುಂದೆ ಗಾಳಿ ತಣಿಯುವುದು ನಿಧಾನ. ಸುತ್ತಲಿನ ಗಾಳಿಗಿಂತ ಬಿಸಿಯಾಗಿಯೇ ಉಳಿದರೆ ಅದು ತಾನಾಗಿಯೇ ಮೇಲಕ್ಕೆ ಚಿಮ್ಮುತ್ತದೆ. ಗುಡುಗು ಮೋಡ ಬೆಳೆಯುವುದು ಹೀಗೆ.

ಈಗ ಗೆರೆ ಓದಿ

ತ್ರಿಕೋನ, ಅರ್ಧವೃತ್ತಗಳು ಯಾವ ಕಡೆ ಚಾಚಿವೆಯೋ ಫ್ರಂಟ್ ಆ ಕಡೆ ಸಾಗುತ್ತಿದೆ. ನೀಲಿ ತ್ರಿಕೋನ ಕೋಲ್ಡ್ ಫ್ರಂಟ್, ಅಂದರೆ ತಣ್ಣನೆಯ ಗಾಳಿ ಮುನ್ನುಗ್ಗುವ ಗಡಿ. ಕೆಂಪು ಅರ್ಧವೃತ್ತ ವಾರ್ಮ್ ಫ್ರಂಟ್, ಅಂದರೆ ಬಿಸಿ ಗಾಳಿ ಮುನ್ನುಗ್ಗುವ ಗಡಿ. ಒಂದೇ ಗೆರೆಯಲ್ಲಿ ಎರಡೂ ಇದ್ದು, ವಿರುದ್ಧ ದಿಕ್ಕಿಗೆ ಮುಖ ಮಾಡಿದ್ದರೆ ಗಡಿ ನಿಂತಲ್ಲೇ ನಿಂತಿದೆ. ಅಂಥ ಕಡೆ ಒಂದೇ ಜಾಗದಲ್ಲಿ ದಿನಗಟ್ಟಲೆ ಮಳೆ ಸುರಿಯಬಹುದು.

ವಾರ್ಮ್ ಫ್ರಂಟ್‌ನ ಇಳಿಜಾರು ತುಂಬಾ ಸಪಾಟು. ಒಂದು ಕಿಲೋಮೀಟರ್ ಎತ್ತರಕ್ಕೆ ಇನ್ನೂರು ಕಿಲೋಮೀಟರ್‌ವರೆಗೂ ಉದ್ದ. ಆದ್ದರಿಂದ ಅದು ಬಹಳ ಮೊದಲೇ ಸುಳಿವು ಕೊಡುತ್ತದೆ. ಮೊದಲು ಎತ್ತರದಲ್ಲಿ ನೂಲಿನಂಥ ಬಿಳಿ ಮೋಡ. ಆಮೇಲೆ ತೆಳು ಪೊರೆ, ಸೂರ್ಯನ ಸುತ್ತ ಅಥವಾ ಚಂದ್ರನ ಸುತ್ತ ಬಳೆ. ನಂತರ ಬೂದು ಹೊದಿಕೆ, ಕೊನೆಗೆ ಬಿಡದೆ ಸುರಿಯುವ ಸಾಧಾರಣ ಮಳೆ. ಬಳೆ ಕಂಡ ಮರುದಿನ ಮಳೆ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಆದರೆ ಪ್ರತಿ ಬಳೆಯೂ ಮಳೆ ತರುವುದಿಲ್ಲ, ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಇಳಿಯುತ್ತಿದ್ದರೆ ಮಾತ್ರ ನಂಬಿ.

ಕೋಲ್ಡ್ ಫ್ರಂಟ್ ಕಡಿದಾಗಿರುತ್ತದೆ, ಸಾಮಾನ್ಯವಾಗಿ ವೇಗವೂ ಜಾಸ್ತಿ. ಮಳೆಯ ಪಟ್ಟಿ ಕಿರಿದು, ಅಬ್ಬರ ಹೆಚ್ಚು. ಅದು ದಾಟಿತೋ ಇಲ್ಲವೋ ತಿಳಿಯಲು ನಾಲ್ಕು ಗುರುತು: ಇಳಿಯುತ್ತಿದ್ದ ಒತ್ತಡ ಏರಲು ಶುರುವಾಗುತ್ತದೆ, ಗಾಳಿಯ ದಿಕ್ಕು ತಿರುಗುತ್ತದೆ, ಚಳಿ ಹೆಚ್ಚುತ್ತದೆ, ಇಬ್ಬನಿ ಬಿಂದು ಕುಸಿಯುತ್ತದೆ. ಉತ್ತರ ಗೋಳಾರ್ಧದಲ್ಲಿ ಗಾಳಿ ನೈಋತ್ಯದಿಂದ ವಾಯವ್ಯಕ್ಕೆ, ದಕ್ಷಿಣದಲ್ಲಿ ವಾಯವ್ಯದಿಂದ ನೈಋತ್ಯಕ್ಕೆ ತಿರುಗುವುದು ರೂಢಿ.

ಎರಡೂ ಗೆರೆಗಳು ಕೂಡುವ ಕಡೆ ಕಡಿಮೆ ಒತ್ತಡದ ಕೇಂದ್ರ ಇರುತ್ತದೆ. ಈ ಚಿತ್ರವನ್ನು ಮೊದಲು ಕೊಟ್ಟವರು ನಾರ್ವೆಯ ಬರ್ಗೆನ್‌ನಲ್ಲಿ ಕೆಲಸ ಮಾಡುತ್ತಿದ್ದ ಹವಾಮಾನ ತಜ್ಞರು. ಜೇಕಬ್ ಬ್ಯೆರ್ಕ್ನೆಸ್ ಅವರ ಲೇಖನ ಬಂದದ್ದು 1919ರಲ್ಲಿ. ಕೋಲ್ಡ್ ಫ್ರಂಟ್ ಓಡಿ ಬಂದು ವಾರ್ಮ್ ಫ್ರಂಟನ್ನು ಹಿಡಿದರೆ ಗೆರೆ ನೇರಳೆಯಾಗುತ್ತದೆ. ಸಾಮಾನ್ಯವಾಗಿ ಅದು ಆ ಕೇಂದ್ರದ ಸುತ್ತಲಿನ ಬಿರುಗಾಳಿಗೆ ವಯಸ್ಸಾಗಿದೆ ಅನ್ನುವುದರ ಗುರುತು. ಕೇಂದ್ರದ ಸುತ್ತ ಸಮಭಾರ ರೇಖೆಗಳು (ಒಂದೇ ಒತ್ತಡವಿರುವ ಜಾಗಗಳನ್ನು ಸೇರಿಸುವ ಗೆರೆಗಳು) ಒತ್ತೊತ್ತಾಗಿದ್ದರೆ ಮಾತ್ರ ಗಾಳಿ ಇನ್ನೂ ಜೋರೇ.

ಬಿರುಮಳೆ ಆಗುತ್ತದಾ?

ಇಲ್ಲೇ ಬಹಳ ಜನ ಎಡವುವುದು. ಫ್ರಂಟ್ ಕೊಡುವುದು ಎತ್ತುವ ಬಲ ಮಾತ್ರ. ನೆಲದ ಹತ್ತಿರ ತೇವ ಬೇಕು, ಮೇಲೆ ತಣ್ಣನೆಯ ಗಾಳಿಯೂ ಬೇಕು. ಇವಿಲ್ಲದೆ ಎಷ್ಟೋ ಕೋಲ್ಡ್ ಫ್ರಂಟ್‌ಗಳು ನಾಲ್ಕು ಹನಿಯೂ ಉದುರಿಸದೆ ದಾಟಿಹೋಗುತ್ತವೆ. ಅಮೆರಿಕದ ಟೆಕ್ಸಸ್, ಒಕ್ಲಹೋಮಾ ಬಯಲುಗಳಲ್ಲಿ ವಸಂತದಲ್ಲಿ ಎಲ್ಲವೂ ಸೇರುತ್ತವೆ: ಮೆಕ್ಸಿಕೋ ಕೊಲ್ಲಿಯ ತೇವ, ಮರುಭೂಮಿಯ ಒಣ ಗಾಳಿ, ಉತ್ತರದ ಚಳಿ. ಜೊತೆಗೆ ಎತ್ತರಕ್ಕೆ ಹೋದಂತೆ ಗಾಳಿಯ ದಿಕ್ಕು, ವೇಗ ಬದಲಾದರೆ ಮೋಡವೇ ಸುತ್ತತೊಡಗುತ್ತದೆ. ಅಂಥ ಮೋಡಗಳಿಂದಲೇ ದೊಡ್ಡ ಸುಂಟರಗಾಳಿಗಳು ಇಳಿಯುವುದು. ಗುಡುಗು ಮಳೆಯ ಸಾಲು ಕೆಲವೊಮ್ಮೆ ನೀಲಿ ಗೆರೆಗಿಂತ ನೂರಾರು ಕಿಲೋಮೀಟರ್ ಮುಂದೆಯೇ ಓಡುತ್ತದೆ ಅನ್ನುವುದೂ ನೆನಪಿರಲಿ.

ಉಷ್ಣವಲಯದಲ್ಲಿ ಈ ಗೆರೆಗಳನ್ನು ಹುಡುಕಬೇಡಿ. ಅಲ್ಲಿ ಗಾಳಿಗಳ ನಡುವೆ ಬಿಸಿ–ತಂಪಿನ ವ್ಯತ್ಯಾಸ ಕಡಿಮೆ. ಅಲ್ಲಿನ ಚಂಡಮಾರುತಕ್ಕೆ ಫ್ರಂಟ್ ಇರುವುದಿಲ್ಲ, ಅದರ ಶಕ್ತಿ ಬರುವುದು ಬೆಚ್ಚನೆಯ ಸಮುದ್ರದಿಂದ.

ಇನ್ನೊಂದು, ನಕ್ಷೆಯ ಮೂಲೆಯಲ್ಲಿರುವ ಸಮಯ ತಪ್ಪದೆ ನೋಡಿ. ಅದು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಪ್ರಮಾಣಿತ ಸಮಯದಲ್ಲಿ ಇರುತ್ತದೆ, ನಿಮ್ಮ ಊರಿನ ಗಡಿಯಾರದ್ದಲ್ಲ. ಗಂಟೆಗೆ 40 ಕಿಲೋಮೀಟರ್ ಸಾಗುವ ಫ್ರಂಟ್ ಆರು ಗಂಟೆಯಲ್ಲಿ 240 ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಹಳೆಯ ನಕ್ಷೆ ಹಿಡಿದು ಕಾಯುತ್ತಾ ಕೂತರೆ ಮಳೆ ಆಗಲೇ ದಾಟಿರಬಹುದು, ಅಲ್ವಾ?