ರಿಯೋಹಾ ಕೆಂಪು ವೈನ್: ಸವಿಯುವ ಬಗೆ, ಜೊತೆಗೆ ಬಡಿಸುವ ಅಡುಗೆ

ಉತ್ತರ ಸ್ಪೇನಿನ ಎಬ್ರೊ ನದಿಯ ಇಕ್ಕೆಲಗಳಲ್ಲಿ ಹರಡಿರುವ ರಿಯೋಹಾ ಪ್ರದೇಶದ ಕೆಂಪು ವೈನನ್ನು ಕೊಳ್ಳುವವರು ಮೊದಲು ಬಾಟಲಿಯ ಹಿಂಬದಿಯ ಚಿಕ್ಕ ಮುದ್ರೆಚೀಟಿಯನ್ನು ಓದಬೇಕು. ದ್ರಾಕ್ಷಿ ಬಹುಪಾಲು ತೆಂಪ್ರಾನಿಯೊ ತಳಿಯದೇ ಆಗಿರುತ್ತದೆ. ಅದರೊಂದಿಗೆ ಗಾರ್ನಾಚಾ, ಗ್ರಾಸಿಯಾನೊ, ಮಾಸುವೆಲೊ ತಳಿಗಳು ಸ್ವಲ್ಪ ಬೆರೆತಿರಬಹುದು. ಒಂದು ಬಾಟಲಿಗೂ ಇನ್ನೊಂದಕ್ಕೂ ರುಚಿಯಲ್ಲಿ ಕಾಣುವ ದೊಡ್ಡ ಅಂತರಕ್ಕೆ ಮುಖ್ಯ ಕಾರಣ ವೈನ್ ಓಕ್ ಪೀಪಾಯಿಯಲ್ಲಿ ಕಳೆದ ಕಾಲ. ಯಾವ ಅಡುಗೆ ಹೊಂದುತ್ತದೆ ಎಂಬುದನ್ನೂ ಅದರಿಂದಲೇ ಊಹಿಸಬಹುದು.

ಚೀಟಿಯ ಮೇಲೆ ‘ಕ್ರಿಯಾನ್ಸಾ’ ಎಂದಿದ್ದರೆ ಕೆಂಪು ವೈನ್ ಕನಿಷ್ಠ 2 ವರ್ಷ ಮಾಗಿದೆ, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿತ್ತು ಎಂದರ್ಥ. ‘ರೆಸೆರ್ವಾ’ಕ್ಕೆ ಒಟ್ಟು 3 ವರ್ಷ, ‘ಗ್ರಾನ್ ರೆಸೆರ್ವಾ’ಕ್ಕೆ 5 ವರ್ಷ ಬೇಕು, ಕೊನೆಯದು ಪೀಪಾಯಿಯಲ್ಲಿ ಕನಿಷ್ಠ 2 ವರ್ಷ, ಬಾಟಲಿಯಲ್ಲಿ ಕನಿಷ್ಠ 2 ವರ್ಷ ಇರಬೇಕು. 225 ಲೀಟರಿನ ಪೀಪಾಯಿಯಲ್ಲಿ ಮಾಗಿಸುವ ಪದ್ಧತಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಬೋರ್ಡೊದಿಂದ ಇಲ್ಲಿಗೆ ಬಂದರೂ, ರಿಯೋಹಾದವರು ಮರಕ್ಕಾಗಿ ಬಹುಮಟ್ಟಿಗೆ ಅಮೆರಿಕದ ಓಕನ್ನು ನೆಚ್ಚಿಕೊಂಡರು. ಈ ವೈನಿನಲ್ಲಿ ಏಳುವ ವೆನಿಲ್ಲಾ ಮತ್ತು ಕೊಬ್ಬರಿಯ ಘಮ ಆ ಮರದ್ದು, ಹಣ್ಣಿನದ್ದಲ್ಲ.

ಬಡಿಸುವಾಗ ‘ಕೋಣೆಯ ಉಷ್ಣತೆ’ ಎಂಬ ಮಾತನ್ನು ನಂಬಬಾರದು, ಏಕೆಂದರೆ ಅದು ಯುರೋಪಿನ ಚಳಿಯ ಮನೆಗಳಿಗೆ ಹೇಳಿದ ಮಾತು. ಮಂಗಳೂರಿನ ಕೋಣೆಯಲ್ಲಿ ಇದೇ ವೈನ್ ಬರಿಯ ಮದ್ಯಸಾರದಂತೆ ಮೂಗಿಗೆ ಬಡಿಯುತ್ತದೆ. ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು ತಣಿಸಿ, ರೆಸೆರ್ವಾವನ್ನು ಸುಮಾರು 17 ಡಿಗ್ರಿಯಲ್ಲಿ, ಎಳೆಯ ವೈನನ್ನು 14 ಡಿಗ್ರಿಯ ಆಸುಪಾಸಿನಲ್ಲಿ ಸುರಿಯುವುದು ಒಳ್ಳೆಯದು. ಲೋಟವನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸದೆ, ಓರೆಯಾಗಿಸಿ ಅಂಚಿನ ಬಣ್ಣವನ್ನು ನೋಡಿರಿ: ನೇರಳೆಯ ಛಾಯೆ ಎಳೆತನವನ್ನೂ ಇಟ್ಟಿಗೆಯ ಕೆಂಪು ಮಾಗಿದ ವಯಸ್ಸನ್ನೂ ತಿಳಿಸುತ್ತದೆ. ಮೊದಲ ಗುಟುಕನ್ನು ಬಾಯೊಳಗೆ ಆಡಿಸಿದಾಗ ಎಳೆಯ ವೈನಿನಲ್ಲಿ ಚೆರ್ರಿ, ಸ್ಟ್ರಾಬೆರಿಗಳ ರುಚಿ ಮುಂದಾಗುತ್ತದೆ. ಗ್ರಾನ್ ರೆಸೆರ್ವಾದಲ್ಲಿ ಒಣ ಅಂಜೂರ, ಹೊಗೆಸೊಪ್ಪು, ತೊಗಲಿನ ವಾಸನೆಗಳು ನಿಧಾನವಾಗಿ ಮೇಲೇಳುತ್ತವೆ. ವಸಡಿಗೆ ಹಿಡಿಯುವ ಒಗರು ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ ಎಂಬ ವಸ್ತುವಿನದು.

ಅಡುಗೆಯ ಲೆಕ್ಕಾಚಾರ ಈ ಒಗರಿನಿಂದಲೇ ಆರಂಭವಾಗುತ್ತದೆ. ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯನ್ನು ಒಣಗಿಸುತ್ತದೆ. ಕೊಬ್ಬು ಮತ್ತು ಪ್ರೋಟೀನ್ ಇರುವ ತುತ್ತು ಜೊತೆಗಿದ್ದರೆ ಒಗರು ತಗ್ಗಿ ಹಣ್ಣಿನ ರುಚಿ ತೆರೆದುಕೊಳ್ಳುತ್ತದೆ. ರಿಯೋಹಾದವರು ಒಣಗಿದ ದ್ರಾಕ್ಷಿಬಳ್ಳಿಯ ಕಡ್ಡಿಗಳನ್ನು ಉರಿಸಿ, ಆ ಕೆಂಡದ ಮೇಲೆ ಸುಡುವ ಕುರಿಮರಿಯ ಪಕ್ಕೆಲುಬುಗಳು ಕ್ರಿಯಾನ್ಸಾ ಮತ್ತು ರೆಸೆರ್ವಾಗಳಿಗೆ ಹೇಳಿ ಮಾಡಿಸಿದ ಜೋಡಿ. ಇದಕ್ಕಿಂತ ಉತ್ತಮವಾದುದನ್ನು ನಾನು ಸೂಚಿಸಲಾರೆ. ಚೊರೀಸೊ ಎಂಬ ಹಂದಿಮಾಂಸದ ಸಾಸೇಜನ್ನು ಹಾಕಿ ಬೇಯಿಸುವ ಆಲೂಗಡ್ಡೆ ಕ್ರಿಯಾನ್ಸಾದೊಂದಿಗೆ ಚೆನ್ನಾಗಿರುತ್ತದೆ. ಮಾಂಸ ತಿನ್ನದವರಿಗೆ ಬೆಳ್ಳುಳ್ಳಿಯೊಡನೆ ಕಾಯಿಸಿದ ಅಣಬೆ, ಸುಟ್ಟ ಕೆಂಪು ದೊಣ್ಣೆಮೆಣಸು, ಬಾಸ್ಕ್ ನಾಡಿನ ಇದಿಯಾಸಾಬಲ್ ಎಂಬ ಕುರಿಹಾಲಿನ ಚೀಸು ಇವೆ.

ಖಾರದ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಮದ್ಯಸಾರ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ. ಸ್ಪೇನಿನ ಅಡುಗೆಗೆ ಕೆಂಪು ಕೊಡುವ ಪಿಮೆಂತೊನ್ ಎಂಬ ಮೆಣಸಿನ ಪುಡಿ ಬಹುಮಟ್ಟಿಗೆ ಸೌಮ್ಯ. ನಮ್ಮಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿ ಅದಕ್ಕೆ ಹತ್ತಿರ. ಅದನ್ನು ಅರೆದು ಹಾಕಿದ, ಹುಣಸೆ ಹೆಚ್ಚಿಲ್ಲದ ಕುರಿಮಾಂಸದ ಒಣ ಪಲ್ಯ ಕ್ರಿಯಾನ್ಸಾಕ್ಕೆ ಸಲ್ಲುತ್ತದೆ. ಬಂಗುಡೆ, ಬೂತಾಯಿಯಂತಹ ಎಣ್ಣೆಮೀನುಗಳನ್ನು ಮಾತ್ರ ಈ ವೈನಿನ ಹತ್ತಿರ ತರಬೇಡಿ. ಬಾಯಲ್ಲಿ ಲೋಹದ ಕಹಿ ಉಳಿಯುತ್ತದೆ.

ಗ್ರಾನ್ ರೆಸೆರ್ವಾ ಬಾಟಲಿಯನ್ನು ತೆರೆಯುವ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿದರೆ ಗಷ್ಟು ತಳಕ್ಕಿಳಿಯುತ್ತದೆ. ಅದನ್ನು ನಿಧಾನವಾಗಿ ಬಗ್ಗಿಸಿ, ಘಮ ಆರುವ ಮೊದಲು ಅಂದೇ ಮುಗಿಸಬೇಕು. ಎಳೆಯ ವೈನಾದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇಡಬಹುದು.