ಅಕ್ವೇರಿಯಂಗೆ ಮಾಸ್ ಹುಡುಕಿದ ನನ್ನ ಅನುಭವ

ಮಾಸ್ ಅಂದರೆ ಕಲ್ಲು, ಗೋಡೆಗೆ ಅಂಟಿ ಬೆಳೆಯುವ ಪುಟ್ಟ ಹಸಿರು ಗಿಡ. ಅಂಗಡಿಯವರು ಕ್ರಿಸ್‌ಮಸ್ ಮಾಸ್ ಎಂಬ ಜಾತಿ ಎಂದು ಕೊಟ್ಟದ್ದು ದಾರದ ಸಿಕ್ಕಿನಂತೆ ಬೆಳೆಯಿತು. ಕ್ರಿಸ್‌ಮಸ್ ಮಾಸ್‌ನ ಕವಲುಗಳು ತ್ರಿಕೋನವಾಗಿ, ಕೆಳಗೆ ಬಾಗಿ, ಪದರ ಪದರವಾಗಿ ಬರಬೇಕು. ಇದು ಜಾವಾ ಮಾಸ್ ಎಂಬ ಬೇರೆ ಜಾತಿ. ಕೆಟ್ಟದ್ದೇನಲ್ಲ, ಆದರೆ ನನಗೆ ಬೇಕಿದ್ದದ್ದು ಬೇರೆ.

ತೀರ್ಥಹಳ್ಳಿಯಲ್ಲಿ ಮಾವನ ಅಡಿಕೆ ತೋಟದ ಹಳ್ಳದಲ್ಲಿ ಹುಡುಕಿದೆ. ಅಲ್ಲಿ ಸಿಕ್ಕ ಮಾಸ್‌ಗೆ ಲೆನ್ಸ್ ಹಿಡಿದರೆ ಎಲೆಗಳು ಎರಡೇ ಸಾಲು, ಹಕ್ಕಿ ಗರಿಯಂತೆ ಚಪ್ಪಟೆ. ಅಂದರೆ ಫಿಸಿಡೆನ್ಸ್ ಅನ್ನುವ ಮಾಸ್! ನೀರೊಳಗೇ ಇದ್ದ ಕಲ್ಲಿನಿಂದ ಚಿಟಿಕೆಯಷ್ಟೇ ತೆಗೆದೆ. ಗೋಡೆ, ಹೆಂಚಿನ ಮೇಲಿನ ಮಾಸ್ ನೀರಲ್ಲಿ ಮುಳುಗಿಸಿದರೆ ಸಾಮಾನ್ಯವಾಗಿ ಕೊಳೆಯುತ್ತದೆ. ಅಭಯಾರಣ್ಯದ ಹಳ್ಳಕ್ಕಂತೂ ಕೈ ಹಾಕಬೇಡಿ.

ನೇರ ಟ್ಯಾಂಕಿಗೆ ಹಾಕಲಿಲ್ಲ. ಮಲೆನಾಡಲ್ವಾ, ಜಿಗಣೆ ಬರಬಹುದು. ಏರೋಪ್ಲೇನ್ ಚಿಟ್ಟೆಯ ಮರಿಹುಳು ಬಂದರೆ ಮೀನುಮರಿಗಳನ್ನೇ ತಿನ್ನುತ್ತದೆ. ಬಕೆಟ್‌ನಲ್ಲಿ ಬೇರೆ ಇಟ್ಟು, ದಿನಾ ನೀರು ಬದಲಿಸಿ, ಆಮೇಲೆ ಹತ್ತಿದಾರದಿಂದ ಕಲ್ಲಿಗೆ ಕಟ್ಟಿದೆ. ಬೆಳವಣಿಗೆ ತುಂಬಾ ನಿಧಾನ. ಲೈಟ್ ಜಾಸ್ತಿ ಕೊಟ್ಟರೆ ಮೇಲೆ ಹಸಿರು ಪಾಚಿಯ ಎಳೆ ಕೂರುತ್ತದೆ. ಈಗ ಹೊಸ ಚಿಗುರು ಬಂದಿದೆ.