ಫೋನಿನ ಚಾಂದ್ರ ಕ್ಯಾಲೆಂಡರ್ ತಪ್ಪು ತೋರಿಸುತ್ತಿದೆಯಾ? ಕಂಪನಿಗೆ ಹೀಗೆ ಬರೆಯಿರಿ

ಚಾಂದ್ರ ತಿಂಗಳ ಮೊದಲ ದಿನ ಫೋನಿನಲ್ಲಿ ಒಂದು ದಿನ ಮುಂಚೆಯೇ ಬಂದು ಕೂತಿದೆ. ಗೋಡೆಯ ಕ್ಯಾಲೆಂಡರ್ ಬೇರೆ ಹೇಳುತ್ತಿದೆ. ‘ನಿಮ್ಮ ದಿನಾಂಕ ತಪ್ಪು, ಬೇಗ ಸರಿಮಾಡಿ’ ಎಂದು ಕಂಪನಿಗೆ ಎರಡು ಸಾಲು ಬರೆದು ಕಳಿಸುತ್ತೀರಿ. ಉತ್ತರ ಬರುವುದಿಲ್ಲ. ಬರುವುದೂ ಕಷ್ಟ ಬಿಡಿ. ಯಾವ ಕ್ಯಾಲೆಂಡರ್, ಯಾವ ವರ್ಷ, ಯಾರ ಲೆಕ್ಕದ ಪ್ರಕಾರ ತಪ್ಪು ಎಂದು ಹೇಳದಿದ್ದರೆ ಆ ಕಡೆ ಕೂತ ಎಂಜಿನಿಯರ್ ಏನು ತಾನೇ ತಿದ್ದುತ್ತಾರೆ? ಚೀನಾ, ವಿಯೆಟ್ನಾಂ, ಕೊರಿಯಾ, ಮುಸ್ಲಿಮರ ಹಿಜರಿ, ಯಹೂದಿಗಳ ಹೀಬ್ರೂ, ನಮ್ಮ ಪಂಚಾಂಗ, ಎಲ್ಲವೂ ಚಂದ್ರನನ್ನೇ ನೋಡುತ್ತವೆ. ಆದರೆ ಒಂದೊಂದರ ನಿಯಮ ಒಂದೊಂದು.

ತಪ್ಪೇ ಹೌದಾ, ಮೊದಲು ನೋಡಿ

ಸೆಟ್ಟಿಂಗ್ಸ್‌ನಲ್ಲಿ ಎರಡು ವಿಷಯ ನೋಡಿಕೊಳ್ಳಿ: ಯಾವ ಕ್ಯಾಲೆಂಡರ್ ಆಯ್ಕೆಯಾಗಿದೆ, ಟೈಮ್ ಝೋನ್ ಏನಿದೆ. ಅರ್ಧಕ್ಕರ್ಧ ಗೊಂದಲ ಇಲ್ಲೇ ಮುಗಿಯುತ್ತದೆ.

ಕೆಲವು ತಪ್ಪುಗಳು ತಪ್ಪೇ ಅಲ್ಲ. ಹಿಜರಿ ತಿಂಗಳು ಹಲವು ಕಡೆ ಚಂದ್ರದರ್ಶನವಾದ ಮೇಲೆಯೇ ಶುರುವಾಗುತ್ತದೆ. ಸಾಫ್ಟ್‌ವೇರ್ ಮಾತ್ರ ಮೊದಲೇ ಲೆಕ್ಕ ಹಾಕಿಟ್ಟಿರುತ್ತದೆ. ಹಾಗಾಗಿ ಒಂದು ದಿನ ಆಚೀಚೆ ಆಗುವುದು ಸಹಜ. ಆ್ಯಪ್ ತಯಾರಿಸಲು ಬಳಸುವ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಂತೂ ಹಿಜರಿ ದಿನಾಂಕವನ್ನು ಎರಡು ದಿನದವರೆಗೆ ಹಿಂದೆ ಮುಂದೆ ಸರಿಸುವ ಅವಕಾಶವನ್ನೇ ಇಟ್ಟಿದ್ದಾರೆ. ಹೀಬ್ರೂ ಕ್ಯಾಲೆಂಡರ್‌ನಲ್ಲಿ ದಿನ ಬದಲಾಗುವುದು ಸೂರ್ಯ ಮುಳುಗಿದಾಗ, ಫೋನಿನಲ್ಲಿ ಸಾಮಾನ್ಯವಾಗಿ ಮಧ್ಯರಾತ್ರಿಗೆ. ಪಂಚಾಂಗದಲ್ಲಿ ಅಮಾವಾಸ್ಯೆಗೆ ತಿಂಗಳು ಮುಗಿಯುವ ಅಮಾಂತ, ಹುಣ್ಣಿಮೆಗೆ ಮುಗಿಯುವ ಪೂರ್ಣಿಮಾಂತ ಎಂದು ಎರಡು ಪದ್ಧತಿ ಇರುವುದರಿಂದ ಕೃಷ್ಣಪಕ್ಷದಲ್ಲಿ ತಿಂಗಳ ಹೆಸರೇ ಬೇರೆಯಾಗುತ್ತದೆ. ಇಂಥದ್ದನ್ನು ‘ತಪ್ಪು’ ಎಂದು ಬರೆದರೆ ದೂರು ಅಲ್ಲಿಗೇ ಮುಚ್ಚಿಹೋಗುತ್ತದೆ. ‘ಆಯ್ಕೆ ಕೊಡಿ’ ಎಂದು ಕೇಳಿ.

ಎಲ್ಲಿಂದ ಎಲ್ಲಿಯವರೆಗೆ ತಪ್ಪಿದೆ?

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಒಂದು ದಿನ ನೋಡಿ ನಿಲ್ಲಬೇಡಿ. ಹಿಂದಿನ ತಿಂಗಳು, ಮುಂದಿನ ತಿಂಗಳು ತಿರುವಿ ನೋಡಿ. ಒಂದೇ ತಿಂಗಳು ಒಂದು ದಿನ ಸರಿದು ಆಮೇಲೆ ತಾನಾಗಿ ಸರಿಹೋದರೆ ಕಾರಣ ಒಂದು. ಹಲವು ತಿಂಗಳು ಹೆಸರೇ ಅದಲುಬದಲಾಗಿದ್ದರೆ ಅಧಿಕ ಮಾಸವನ್ನು ತಪ್ಪು ಜಾಗದಲ್ಲಿ ಹಾಕಿರುವ ಸಾಧ್ಯತೆ ಜಾಸ್ತಿ. ಟೈಮ್ ಝೋನ್ ಬದಲಿಸಿದಾಗ ಮಾತ್ರ ತಪ್ಪಿದರೆ ಲೆಕ್ಕ ಸರಿಯೇ ಇರಬಹುದು. ಇಡೀ ದಿನದ ಕಾರ್ಯಕ್ರಮವನ್ನು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯಕ್ಕೆ ತಿರುಗಿಸುವಾಗ ಒಂದು ದಿನ ಜಾರಿರುತ್ತದೆ, ಅಷ್ಟೇ.

ಒಂದೇ ತಿಂಗಳು ಸರಿಯುವುದು ಯಾಕೆ? ಚೀನಾದ ಲೆಕ್ಕದಲ್ಲಿ ಸೂರ್ಯ ಚಂದ್ರ ಕೂಡುವ ಕ್ಷಣ, ಅಂದರೆ ಅಮಾವಾಸ್ಯೆಯ ಕ್ಷಣ, ಯಾವ ದಿನ ಬರುತ್ತದೋ ಆ ದಿನವೇ ತಿಂಗಳ ಮೊದಲ ದಿನ. ಕ್ಷಣ ಇಡೀ ಭೂಮಿಗೆ ಒಂದೇ, ಆದರೆ ಗಡಿಯಾರ ಒಂದೇ ಅಲ್ವಲ್ಲ. 2007ರ ಫೆಬ್ರವರಿಯಲ್ಲಿ ಅದು ಬೀಜಿಂಗ್ ಸಮಯದಲ್ಲಿ 18ರಂದು, ಮಧ್ಯರಾತ್ರಿ ಕಳೆದು 12:14ಕ್ಕೆ ಬಂತು. ಹನೋಯ್‌ನಲ್ಲಿ ಆಗಿನ್ನೂ 17ರ ರಾತ್ರಿ 11:14. ಹಾಗಾಗಿ ವಿಯೆಟ್ನಾಂನ ಹೊಸ ವರ್ಷ 17ಕ್ಕೆ, ಚೀನಾದ್ದು 18ಕ್ಕೆ.

1985ರದ್ದು ಇನ್ನೂ ಮಜಾ. ಈ ಕ್ಯಾಲೆಂಡರ್‌ಗಳಲ್ಲಿ ಡಿಸೆಂಬರ್‌ನ ಅಯನ ಸಂಕ್ರಾಂತಿ, ಅಂದರೆ ಉತ್ತರಾರ್ಧಗೋಳದಲ್ಲಿ ಹಗಲು ಅತಿ ಚಿಕ್ಕದಾಗಿರುವ ದಿನ, 11ನೇ ತಿಂಗಳಲ್ಲೇ ಬರಬೇಕು. 1984ರಲ್ಲಿ ಆ ಗಳಿಗೆ ಬೀಜಿಂಗ್‌ನಲ್ಲಿ ಡಿಸೆಂಬರ್ 22ಕ್ಕೆ ಬಿತ್ತು, ಹನೋಯ್‌ನಲ್ಲಿ 21ಕ್ಕೆ. ಹೊಸ ತಿಂಗಳು ಎರಡೂ ಕಡೆ 22ಕ್ಕೇ ಶುರು. ಅಲ್ಲಿಗೆ ಬೀಜಿಂಗ್‌ನಲ್ಲಿ 22ಕ್ಕೆ ಹುಟ್ಟಿದ ತಿಂಗಳು 11ನೆಯದಾಯಿತು. ಹನೋಯ್‌ನಲ್ಲಿ ಅದರ ಹಿಂದಿನ ತಿಂಗಳೇ 11ನೆಯದು. ಪರಿಣಾಮ, ವಿಯೆಟ್ನಾಂ ಹೊಸ ವರ್ಷ 1985ರ ಜನವರಿ 21ಕ್ಕೆ ಬಂದರೆ ಚೀನಾದ್ದು ಫೆಬ್ರವರಿ 20ಕ್ಕೆ. ಗಂಟೆಯೊಂದರ ವ್ಯತ್ಯಾಸಕ್ಕೆ ಇಡೀ ಒಂದು ತಿಂಗಳು! ಚೀನಾದ ಪಟ್ಟಿಯನ್ನೇ ವಿಯೆಟ್ನಾಂಗೂ ಹಾಕಿಬಿಟ್ಟ ಆ್ಯಪ್‌ನಲ್ಲಿ ಆ ಕಾಲದಲ್ಲಿ ಹುಟ್ಟಿದವರ ಚಾಂದ್ರ ಜನ್ಮದಿನ ಒಂದು ತಿಂಗಳು ತಪ್ಪಿರುತ್ತದೆ.

ಇನ್ನು 2033. ಆ ವರ್ಷದ ಅಧಿಕ ಮಾಸವನ್ನು ಹಳೆಯ ಚೀನೀ ಪಂಚಾಂಗಗಳು 7ನೇ ತಿಂಗಳ ನಂತರ ಹಾಕಿದ್ದವು. ನಿಯಮದ ಪ್ರಕಾರ ಅದು 11ರ ನಂತರ ಬರಬೇಕೆಂದು ತಡವಾಗಿ ತಿದ್ದಿದರು. ಹಳೆಯ ಪಟ್ಟಿ ಹೊತ್ತುಕೊಂಡ ಸಾಫ್ಟ್‌ವೇರ್ ಎಲ್ಲಾದರೂ ಉಳಿದಿದೆಯಾ ಎಂದು ನೋಡಲು 2033 ಒಳ್ಳೆಯ ಪರೀಕ್ಷೆ.

ತಪ್ಪು ಯಾರದ್ದು?

ಅದೇ ಫೋನಿನಲ್ಲಿ ಬೇರೊಂದು ಕ್ಯಾಲೆಂಡರ್ ಆ್ಯಪ್ ತೆರೆಯಿರಿ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಎಂದಾದರೆ ಆ್ಯಪ್ ಮಾಡಿದವರಿಗೆ ಬರೆಯಿರಿ. ಎರಡರಲ್ಲೂ ಒಂದೇ ತಪ್ಪಿದ್ದರೆ ಆಪರೇಟಿಂಗ್ ಸಿಸ್ಟಮ್ ಮೇಲೆ ಅನುಮಾನ ಪಡಬಹುದು. ನೀವು ಸಬ್‌ಸ್ಕ್ರೈಬ್ ಮಾಡಿಕೊಂಡ ಹಬ್ಬಗಳ ಪಟ್ಟಿಯೇ ತಪ್ಪಿರಬಹುದು. ಅದನ್ನು ಸ್ವಲ್ಪ ಹೊತ್ತು ಆಫ್ ಮಾಡಿ ನೋಡಿ. ಬಹಳಷ್ಟು ಕಂಪನಿಗಳು ಲೆಕ್ಕವನ್ನು ಸ್ವತಃ ಮಾಡುವುದಿಲ್ಲ, ಯುನಿಕೋಡ್ ಸಂಸ್ಥೆಯ ಐಸಿಯು ಎಂಬ ಮುಕ್ತ ಕೋಡ್ ಬಳಸುತ್ತವೆ. ಪ್ರೋಗ್ರಾಮಿಂಗ್ ಬಲ್ಲವರು ಅಲ್ಲಿಗೇ ನೇರವಾಗಿ ದೂರು ಕೊಡಬಹುದು. ಮಿಕ್ಕವರು ಕಂಪನಿಗೆ ಬರೆದರೆ ಸಾಕು.

ಸಾಕ್ಷಿ ಜೋಡಿಸಿ

‘ನಮ್ಮ ಮನೆ ಕ್ಯಾಲೆಂಡರ್‌ನಲ್ಲಿ ಹೀಗಿದೆ’ ಎಂದರೆ ನಡೆಯುವುದಿಲ್ಲ. ಆ ಕ್ಯಾಲೆಂಡರ್‌ಗೆ ಅಧಿಕೃತ ಎನಿಸಿಕೊಂಡ ಮೂಲ ಬೇಕು. ಚೀನಾದ ಲೆಕ್ಕಕ್ಕೆ ಹಾಂಗ್‌ಕಾಂಗ್ ವೀಕ್ಷಣಾಲಯ 1901ರಿಂದ 2100ರವರೆಗಿನ ಪಟ್ಟಿ ಕೊಟ್ಟಿದೆ. 2017ರ ಒಂದು ರಾಷ್ಟ್ರೀಯ ಮಾನದಂಡವೂ ಇದೆ. ಬೇರೆ ಕ್ಯಾಲೆಂಡರ್‌ಗಳಿಗೆ ಆಯಾ ದೇಶದ ಖಗೋಳ ಸಂಸ್ಥೆ ಅಥವಾ ಸರ್ಕಾರಿ ರಜಾ ಪಟ್ಟಿ ಹುಡುಕಿ. ಇನ್ನೊಂದು ಆ್ಯಪ್‌ನ ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ. ಅದೂ ಅದೇ ತಪ್ಪು ಪಟ್ಟಿಯನ್ನು ಓದುತ್ತಿರಬಹುದು.

ಬರೆಯುವುದು ಹೀಗೆ

ತಲೆಬರಹದಲ್ಲೇ ವಿಷಯ ಮುಗಿಯಬೇಕು. ಕೊರಿಯಾದ ಒಂದು ಉದಾಹರಣೆ ನೋಡಿ:

‘ಕೊರಿಯಾ ಚಾಂದ್ರ ಕ್ಯಾಲೆಂಡರ್: 2028 ಜನವರಿ 27, 1ನೇ ತಿಂಗಳ 1 ಆಗಬೇಕು, 2 ಎಂದು ತೋರಿಸುತ್ತಿದೆ.’

ಕೆಳಗೆ ಇಷ್ಟು: ‘ಪ್ರದೇಶ ಕೊರಿಯಾ, ಟೈಮ್ ಝೋನ್ ಸೋಲ್. ಕ್ಯಾಲೆಂಡರ್ ತೆರೆದು 2028ರ ಜನವರಿಗೆ ಹೋಗಿ 27ನ್ನು ಒತ್ತಿದೆ. ಜನವರಿ 26ರಿಂದ ಫೆಬ್ರವರಿ 24ರವರೆಗೆ ತಪ್ಪಿದೆ, 25ರಿಂದ ಸರಿ ಇದೆ. ಅಮಾವಾಸ್ಯೆಯ ಕ್ಷಣ ಜನವರಿ 26ರ 15:12 ಯುಟಿಸಿ. ಬೀಜಿಂಗ್‌ನಲ್ಲಿ ಅದೇ ದಿನ 23:12, ಸೋಲ್‌ನಲ್ಲಿ 27ರ 00:12. ಚೀನಾದ ಪಟ್ಟಿ ಬಳಸಿದಂತಿದೆ.’

ಇದಕ್ಕೆ ಆ್ಯಪ್‌ನ ಆವೃತ್ತಿ, ಫೋನಿನ ಸಾಫ್ಟ್‌ವೇರ್ ಆವೃತ್ತಿ, ಸಾಕ್ಷಿಯ ಲಿಂಕ್, ಒಂದು ಸ್ಕ್ರೀನ್‌ಶಾಟ್ ಸೇರಿಸಿ. ಕಾರಣ ಗೊತ್ತಿಲ್ಲದಿದ್ದರೆ ಊಹಿಸಬೇಕಿಲ್ಲ, ಆ ಸಾಲು ಬಿಟ್ಟುಬಿಡಿ. ತಿಂಗಳನ್ನು ಹೆಸರಿನಲ್ಲೇ ಬರೆಯಿರಿ. 3-4 ಎಂದರೆ ಒಬ್ಬರಿಗೆ ಏಪ್ರಿಲ್, ಇನ್ನೊಬ್ಬರಿಗೆ ಮಾರ್ಚ್. ಸ್ಕ್ರೀನ್‌ಶಾಟ್‌ನಲ್ಲಿ ನಿಮ್ಮ ಮೀಟಿಂಗು, ಡಾಕ್ಟರ್ ಅಪಾಯಿಂಟ್‌ಮೆಂಟು ಕಾಣುತ್ತಿದ್ದರೆ ಅಳಿಸಿ. ಒಂದು ದೂರಿಗೆ ಒಂದೇ ತಪ್ಪು. ನಾಲ್ಕು ಸಿಕ್ಕಿದರೆ ನಾಲ್ಕು ಸಲ ಕಳಿಸಿ. ಕೋಪವನ್ನು ಹೊರಗಿಡಿ, ಓದುವವರು ಆ ಕೋಡ್ ಬರೆದವರೇ ಆಗಿರಬೇಕೆಂದಿಲ್ಲ.

ಎಲ್ಲಿ ಕಳಿಸುವುದು? ಆ್ಯಪ್ ಒಳಗಿನ ‘ಸಹಾಯ’ ಅಥವಾ ‘ಫೀಡ್‌ಬ್ಯಾಕ್’ ಮೊದಲ ದಾರಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಎಫ್ ಒತ್ತಿದರೆ ಫೀಡ್‌ಬ್ಯಾಕ್ ಹಬ್ ತೆರೆಯುತ್ತದೆ. ಆ್ಯಪ್ ಸ್ಟೋರ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಬೈದು ಬರುವುದು ಸುಲಭ, ಆದರೆ ಅಲ್ಲಿ ಆವೃತ್ತಿ, ಸ್ಕ್ರೀನ್‌ಶಾಟ್ ಎಲ್ಲ ಇಡಲು ಜಾಗವಿಲ್ಲ.

ಕಳಿಸಿದ ಮೇಲೆ

ದೂರಿನ ಸಂಖ್ಯೆ ಸಿಕ್ಕರೆ ಬರೆದಿಟ್ಟುಕೊಳ್ಳಿ. ‘ಇದು ಇರುವುದೇ ಹೀಗೆ’ ಎಂಬ ಉತ್ತರ ಬಂದರೆ ‘ಯಾವ ಟೈಮ್ ಝೋನ್, ಯಾರ ಪಟ್ಟಿ ಬಳಸಿದ್ದೀರಿ?’ ಎಂದು ಕೇಳಿ. ಈ ಪ್ರಶ್ನೆ ಬಂದರೆ ದೂರು ಸಾಮಾನ್ಯವಾಗಿ ಲೆಕ್ಕ ಬಲ್ಲವರ ಟೇಬಲ್‌ಗೆ ಹೋಗುತ್ತದೆ. ಅಲ್ಲಿಯವರೆಗೆ ಆ ದಿನವನ್ನು ಕೈಯಾರೆ ಬರೆದಿಟ್ಟುಕೊಳ್ಳುವುದೇ ದಾರಿ.

ತಿದ್ದುಪಡಿ ಅಪ್‌ಡೇಟ್‌ನಲ್ಲಿ ಬಂದ ಮೇಲೂ ಒಂದು ಕೆಲಸ ಬಾಕಿ ಇದೆ. ಪ್ರತಿ ವರ್ಷ ಚಾಂದ್ರ ದಿನಕ್ಕೆ ಬರುವಂತೆ ನೀವು ಹಾಕಿಟ್ಟ ನೆನಪೋಲೆಗಳನ್ನು ಕೆಲವು ಆ್ಯಪ್‌ಗಳು ಮೊದಲೇ ಇಂಗ್ಲಿಷ್ ದಿನಾಂಕಕ್ಕೆ ತಿರುಗಿಸಿ ಇಟ್ಟಿರುತ್ತವೆ. ಅವು ತಾವಾಗಿ ಸರಿಹೋಗುವುದಿಲ್ಲ. ಮುಂದಿನ ಎರಡು ಮೂರು ವರ್ಷಗಳ ದಿನ ತೆರೆದು ನೋಡಿ, ಹಳೆಯದೇ ಇದ್ದರೆ ಅಳಿಸಿ ಹೊಸದಾಗಿ ಹಾಕಿಕೊಳ್ಳಿ.